ಮೂರು ಬಡಿತಕ್ಕೆ ಹುಟ್ಟಿದ ಲೋಕ

ಈ ಭಾನುವಾರ ಮನೆಮಂದಿಯ ಮೈಮೇಲೆ ಒಂದು ರೋಮವೂ ಮಲಗಿರಕೂಡದು, ಎಲ್ಲವೂ ಎದ್ದು ನಿಲ್ಲಬೇಕು ಎಂದು ಅಳಿಯಂದಿರು ಶಪಥ ಮಾಡಿಬಿಟ್ಟಿದ್ದರು!

ಅಳಿಯಂದಿರು ಎಂದರೆ ಪೇಟೆಬೀದಿಯ ಕನ್ನಡಕದಂಗಡಿಯ ಯಜಮಾನರು. ಅಂಗಡಿಯಲ್ಲಿ ಅವರು ಎಲ್ಲರಿಗೂ 'ಸಾರ್'. ಮನೆಯಲ್ಲಿ ಮಾತ್ರ, ಜೊತೆಗೇ ಇರುವ ಮಾವನವರು, ರಿಟೈರಾದ ರೈಲ್ವೆ ಗಾರ್ಡು, ಎದುರಿಗೆ 'ಅಳಿಯಂದಿರೇ' ಎಂದೂ ಬೆನ್ನ ಹಿಂದೆ 'ಪುಕ್ಕಲ' ಎಂದೂ ಕರೆಯುತ್ತಿದ್ದರು. ಬೆನ್ನ ಹಿಂದೆ ಎಂದರೆ ಎರಡಡಿ ಹಿಂದೆ, ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ. ಜಿರಲೆ ಕಂಡರೆ ಹೆಂಡತಿಯನ್ನು ಮುಂದೆ ಬಿಟ್ಟು ಹಿಂದಿನಿಂದ ಸಲಹೆ ಕೊಡುವ ಜಾತಿ. ಲಿಫ್ಟಿಗೆ ಒಬ್ಬರೇ ಹತ್ತಲು ಧೈರ್ಯವಿಲ್ಲದೆ, ಯಾರಾದರೂ ಬರುವ ತನಕ ಫೋನಿನಲ್ಲಿ ಮಾತಾಡುವ ನಾಟಕ ಆಡುವವರು. ಇಷ್ಟು ವರ್ಷ ಹೇಗೋ ಸಹಿಸಿಕೊಂಡಿದ್ದರು. ಆದರೆ ಮೊನ್ನೆ ಒಂಬತ್ತು ವರ್ಷದ ಮಗಳು, 'ಅಮ್ಮಾ, ಪುಕ್ಕಲ ಅನ್ನೋದು ಅಪ್ಪನ ಮನೆ ಹೆಸರಾ?' ಎಂದು ಕೇಳಿದ್ದಳು. ಅದು ಎದೆಗೆ ನಾಟಿತ್ತು. ಮಗಳ ಕಣ್ಣಿಗೆ ಒಂದೇ ಒಂದು ಸಲ ಗಂಡೆದೆಯವರಾಗಿ ಕಾಣಿಸಿಕೊಂಡರೆ ಸಾಕು ಎಂದು ಅವರ ಜೀವ ಹಂಬಲಿಸುತ್ತಿತ್ತು.

ಭಾನುವಾರದ ಆಟ ಅದಕ್ಕೆ ದಾರಿ ಮಾಡಿಕೊಟ್ಟಿತು. ಮಗಳ ಹಟಕ್ಕೆ ನಾಲ್ವರೂ ಸೇರಿ ಊಟದ ಮೇಜಿನ ಮೇಲೆ ಹೊಸದೊಂದು ಲೋಕ ಕಟ್ಟಿ ಆಡುವುದೆಂದು ಗೊತ್ತಾಗಿತ್ತು. ಕಾಗದದ ಮೇಲೆ ನಕ್ಷೆ, ಇಪ್ಪತ್ತು ಮುಖದ ದಾಳ, ಒಬ್ಬೊಬ್ಬರಿಗೂ ಒಂದೊಂದು ವೇಷ. ಆದರೆ ಆಟಕ್ಕೆ ಮೊದಲು ಆ ಲೋಕ ಹುಟ್ಟಿದ್ದು ಹೇಗೆ ಎಂಬ ಕಥೆ ಬೇಕಲ್ಲ. ಎಲ್ಲರೂ ಒಂದೊಂದು ಹೇಳುವುದು, ಕೈಯೆತ್ತಿ ಒಂದನ್ನು ಆರಿಸುವುದು. ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳಾದ್ದರಿಂದ ನಿಯಮಗಳೆಲ್ಲ ಅವಳವು. ಗೆದ್ದ ಕಥೆಯನ್ನು 'ಲೋಕದ ಪುಸ್ತಕ'ದಲ್ಲಿ ಪೆನ್ನಿನಿಂದಲೇ ಬರೆಯಬೇಕು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಬೇಕಾದರೆ ಮುಂದಕ್ಕೆ ಸೇರಿಸಬಹುದು.

ಮಾವನವರ ಕಥೆಯಲ್ಲಿ ಎಲ್ಲವೂ ನಿಂತೇ ಇತ್ತು, ಯಾರೋ ಹಸಿರು ಬಾವುಟ ಬೀಸಿದ ಮೇಲೆ ಹೊರಟಿತು.

'ಬೀಸಿದ್ದು ಯಾರಪ್ಪಾ?' ಎಂದಳು ಹೆಂಡತಿ.

'ಗಾರ್ಡು. ಇನ್ಯಾರು ಬೀಸ್ತಾರೆ?'

ಹೆಂಡತಿಯ ಕಥೆಯಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಉಳಿದ ಶೇಷವೇ ಲೋಕ. ಯಾರಿಗೂ ಅರ್ಥವಾಗಲಿಲ್ಲ, ಅವಳಿಗೆ ಅದೇ ತೃಪ್ತಿ. ಮಗಳು, 'ನಂದು ಇನ್ನೂ ರೆಡಿ ಆಗಿಲ್ಲ, ಆಮೇಲೆ ಹೇಳ್ತೀನಿ' ಎಂದಳು.

ಅಳಿಯಂದಿರು ಎದ್ದು ಕಿಟಕಿಯ ಪರದೆ ಎಳೆದರು. ಗಂಟಲು ಸರಿಮಾಡಿಕೊಂಡರು.

'ಮೊದಲು ಏನೂ ಇರಲಿಲ್ಲ. ಒಂದು ಗೋಡೆ ಇತ್ತು. ಗೋಡೆಯ ಆ ಕಡೆ ಅದು ಇತ್ತು. ಅದಕ್ಕೆ ಹೆಸರಿಲ್ಲ, ಮುಖ ಇಲ್ಲ. ಅದು ಗೋಡೆಗೆ ಒಂದು ಸಲ ಬಡೀತು, ಆಕಾಶ ಹುಟ್ಟಿತು. ಇನ್ನೊಂದು ಸಲ ಬಡೀತು, ನೆಲ ಹುಟ್ಟಿತು. ಮೂರನೇ ಸಲ ಬಡೀತು, ನಾವು ಹುಟ್ಟಿದೆವು. ಆಮೇಲೆ ಅದು ಸುಮ್ಮನಾಯಿತು. ಹೋಗಿಲ್ಲ, ಅಲ್ಲೇ ಇದೆ. ಗೋಡೆಗೆ ಕಿವಿಯಿಟ್ಟು ಕೂತಿದೆ. ಮತ್ತೆ ಮೂರು ಸಲ ಬಡೀತೋ, ಆಗ ಕೊಟ್ಟದ್ದನ್ನೆಲ್ಲ ವಾಪಸ್ ತಗೊಳ್ಳುತ್ತೆ.'

ಠಕ್, ಠಕ್, ಠಕ್ ಎಂದು ಮೇಜಿಗೆ ಬಡಿದು ನಿಲ್ಲಿಸಿದರು. ಮಗಳು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಳು. ನಾಲ್ಕಕ್ಕೆ ನಾಲ್ಕು ಕೈ ಮೇಲೆದ್ದವು! ಮಾವನವರು ತೋಳು ಉಜ್ಜಿಕೊಳ್ಳುತ್ತ, 'ಪರವಾಗಿಲ್ಲ ಅಳಿಯಂದಿರೇ, ಗಟ್ಟಿ ಆಸಾಮಿ ನೀವು' ಎಂದರು. ಮಗಳು ಅಪ್ಪನನ್ನು ಹೊಸಬರನ್ನು ನೋಡುವಂತೆ ನೋಡಿದಳು. ಸೃಷ್ಟಿಕರ್ತರು ಆ ದಿನ ಎರಡು ತುತ್ತು ಹೆಚ್ಚೇ ಉಂಡರು.

ಗೆಲುವಿನ ಆಯಸ್ಸು ಹದಿನೆಂಟು ಗಂಟೆ.

ಸೋಮವಾರ ಅಂಗಡಿಗೆ ರಜ. ಹೆಂಡತಿ, ಮಗಳು ಶಾಲೆಗೆ ಹೋದರು, ಮಾವನವರು ಲೈಬ್ರರಿಗೆ. ಅಳಿಯಂದಿರು ಬಚ್ಚಲಮನೆಯಲ್ಲಿ ಕನ್ನಡಿ ನೋಡುತ್ತ, ತಮ್ಮ ಧೈರ್ಯಶಾಲಿ ಮುಖಕ್ಕೆ ಸೋಪು ಬಳಿದು, ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬ್ಲೇಡು ತಂದಿದ್ದರು.

ಠಕ್. ಠಕ್. ಠಕ್.

ಕನ್ನಡಿಯ ಹಿಂದಿನಿಂದ, ಗೋಡೆಯ ಒಳಗಿನಿಂದ.

ಬ್ಲೇಡು ಎಲ್ಲಿ ಬಿತ್ತೋ, ಟವೆಲ್ ಎಲ್ಲಿ ಹೋಯಿತೋ. ಕೈಗೆ ಸಿಕ್ಕ ಬಟ್ಟೆ ಸಿಕ್ಕಿಸಿಕೊಂಡು, ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದಕ್ಕೊಂದು ಸ್ಟೂಲು ಒತ್ತರಿಸಿಟ್ಟು, ಮಹಡಿ ಮೆಟ್ಟಿಲ ಮೇಲೆ ಬಂದು ಕುಕ್ಕರಿಸಿದರು. ಕಥೆ ಕಟ್ಟಿದವರು ತಾವೇ, ಅದು ಬರೀ ಆಟ ಎಂದು ಹತ್ತು ಸಲ ಹೇಳಿಕೊಂಡರು. ಆದರೂ ಒಳಗೆ ಕಾಲಿಡಲಿಲ್ಲ. ಅರ್ಧ ಗಡ್ಡ ಹೊತ್ತು ಅಲ್ಲೇ ಮಧ್ಯಾಹ್ನದ ತನಕ ಕೂತರು. ಕಡೆಗೆ ಹೆಂಡತಿ ಬರುವಷ್ಟರಲ್ಲಿ ಇದನ್ನು ಇತ್ಯರ್ಥ ಮಾಡಿಬಿಡಬೇಕೆಂದು ಪ್ಲಂಬರಿಗೆ ಫೋನು ಹಚ್ಚಿದರು.

'ಎಲ್ಲಿ ಸಾರ್ ಸೋರ್ತಿರೋದು?' ಎಂದ ಪ್ಲಂಬರ್, ಒಣಗಿದ ಗೋಡೆಯನ್ನು ಸವರಿ.

'ಸೋರಬಹುದು ಅಂತ ಅನುಮಾನ. ಸ್ವಲ್ಪ ಒಡೆದು ನೋಡಿ. ಒಳಗೆ ಪೈಪು ಬಿಟ್ಟು ಬೇರೇನೂ ಇಲ್ಲ ಅಂತ ಗೊತ್ತಾದ್ರೆ ಸಾಕು.'

ಅವನು ಅವರ ಅರ್ಧ ಗಡ್ಡವನ್ನೂ ಮುಖವನ್ನೂ ಒಂದು ಕ್ಷಣ ನೋಡಿದ. 'ಬೇರೆ ಏನಿರುತ್ತೆ ಸಾರ್?'

'ಅದನ್ನೇ ನೋಡೋಣ ಅಂತ.'

ಉಳಿ ತರಲು ಅವನು ಕೆಳಗೆ ಸ್ಕೂಟರಿಗೆ ಹೋದ. ಅಳಿಯಂದಿರೂ ಹೋದರು. ಸುತ್ತಿಗೆ ಮರೆತು ಮತ್ತೆ ಹೋದ. ಇವರೂ ಮತ್ತೆ ಹೋದರು. 'ನಾನೇನು ಓಡಿಹೋಗಲ್ಲ ಸಾರ್' ಎಂದು ಅವನು ನೊಂದುಕೊಂಡ. ಎರಡು ಟೈಲು ಕಿತ್ತು, ಗಾರೆ ಉದುರಿಸಿ, ಪೈಪು ಕಾಣಿಸುವಷ್ಟರಲ್ಲಿ ಅವನ ಮುಖದೆದುರೇ—

ಠಕ್. ಠಕ್. ಠಕ್.

ಅಳಿಯಂದಿರು ಚೀರಿ ಪ್ಲಂಬರನ ತೋಳಿಗೆ ಜೋತುಬಿದ್ದರು. ಉಳಿ ನೇರ ಪೈಪಿನೊಳಗೆ ಹೋಯಿತು. ಆಮೇಲೆ ಬಂದದ್ದು ನೀರಲ್ಲ, ಪ್ರಳಯ!

'ಮೇಲೆ ವಾಲ್ವ್ ಮುಚ್ಚಬೇಕು, ನೀವು ಇಲ್ಲಿ ಬಟ್ಟೆ ಒತ್ತಿ ಹಿಡ್ಕೊಳ್ಳಿ' ಎಂದು ಪ್ಲಂಬರ್ ತಾರಸಿಗೆ ಓಡಿದ. ಒಡೆದ ಗೋಡೆಯ ಮುಂದೆ ಒಬ್ಬರೇ? ಆ ತೂತಿನ ಎದುರಿಗೆ? ಅಳಿಯಂದಿರು ಬಟ್ಟೆ ಬಿಸಾಡಿ ಅವನಿಗಿಂತ ಮೊದಲೇ ತಾರಸಿ ಮುಟ್ಟಿದರು. ಮನೆಯನ್ನು ಕಾಯಲು ಯಾರೂ ಉಳಿಯಲಿಲ್ಲ.

ಇಳಿದು ಬಂದಾಗ ಬಾಗಿಲಲ್ಲಿ ಹೆಂಡತಿ, ಮಗಳು, ಮಾವನವರು ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಹೊಸ ಲೋಕದ ನಕ್ಷೆ ಹೊಸ್ತಿಲು ದಾಟಿ ಮೆಟ್ಟಿಲ ಕಡೆಗೆ ತೇಲುತ್ತಿತ್ತು.

'ಸೋರ್ತಿತ್ತಾ?' ಎಂದಳು ಹೆಂಡತಿ.

'ಇಲ್ಲ.'

'ಮತ್ತೆ ಯಾಕ್ರೀ ಗೋಡೆ ಒಡೆಸಿದ್ರಿ?'

'ಒಳಗಿಂದ ಬಡೀತು. ಮೂರು ಸಲ.'

ಮಾವನವರು ಕೊಡೆಯನ್ನು ನೆಲಕ್ಕೂರಿದರು. 'ಆ ಪೈಪು ನಾವು ಈ ಮನೆಗೆ ಬಂದಾಗಿಂದ ಬಡೀತಿದೆ. ಮೇಲಿನ ಮನೆಯವರು ನಲ್ಲಿ ನಿಲ್ಲಿಸಿದಾಗಲೆಲ್ಲ ಮೂರು ಸಲ. ಹನ್ನೊಂದು ವರ್ಷದಿಂದ ನೀವು ಅದನ್ನ ಕೇಳಿಸಿಕೊಂಡೇ ಮುಖ ತೊಳೀತಿದೀರಿ ಅಳಿಯಂದಿರೇ. ನಿಮ್ಮ ಕಥೆ ಎಲ್ಲಿಂದ ಬಂತು ಅಂದ್ಕೊಂಡ್ರಿ?'

ಪ್ಲಂಬರ್ ನಗು ತಡೆಯಲು ಗೋಡೆಯ ಕಡೆ ತಿರುಗಿದ. ಅಳಿಯಂದಿರು ಮಾತ್ರ ಮಗಳ ಮುಖ ನೋಡದೆ ನೆಲ ಒರೆಸತೊಡಗಿದರು. ನಿನ್ನೆ ಗಳಿಸಿದ್ದೆಲ್ಲ ಬಕೆಟ್ಟಿಗೆ ಹಿಂಡಿ ಹೋಗುತ್ತಿತ್ತು, ಅಳು ಬರುವಂತಾಗಿತ್ತು.

ಕಾರಣ ತಿಳಿದ ಮಾತ್ರಕ್ಕೆ ಭಯ ಹೋಗುತ್ತದೆಯೇ? ಹೊಸ ಪೈಪೂ ಹಳೆಯದರಂತೆಯೇ ಬಡಿಯಿತು. ಆ ವಾರವೆಲ್ಲ ಅಳಿಯಂದಿರು ಸ್ನಾನಕ್ಕೆ ಹೋದಾಗ ಬಾಗಿಲ ಹೊರಗೆ ಮಗಳು ನಿಂತು ಗಟ್ಟಿಯಾಗಿ ಮಗ್ಗಿ ಹೇಳಬೇಕಾಯಿತು. ಶನಿವಾರದ ಹೊತ್ತಿಗೆ ಅವಳಿಗೆ ಹತ್ತೊಂಬತ್ತರ ಮಗ್ಗಿ ಬಾಯಿಪಾಠವಾಗಿತ್ತು.

ಭಾನುವಾರ ಮೇಜಿನ ಮುಂದೆ ಅಳಿಯಂದಿರು ಕೈಜೋಡಿಸಿದರು. 'ಆ ಕಥೆ ತೆಗೆದುಬಿಡೋಣ. ಬಾವುಟದ್ದೇ ಇರಲಿ, ಸೊನ್ನೆಯದ್ದೇ ಇರಲಿ. ನನಗೆ ಭಯ ಆಗುತ್ತೆ.'

ಇಷ್ಟು ಸಲೀಸಾಗಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

'ಹೊಡೆದುಹಾಕೋ ಹಾಗಿಲ್ಲ. ನಿಯಮ ನಿಯಮ' ಎಂದಳು ಹೆಂಡತಿ.

'ನಂದು ಈಗ ರೆಡಿ ಆಯ್ತು' ಎಂದಳು ಮಗಳು. 'ಅಪ್ಪಂದಕ್ಕೇ ಸೇರಿಸ್ತೀನಿ. ಗೋಡೆ ಆ ಕಡೆ ಇರೋದಕ್ಕೆ ಒಬ್ಬನೇ ಇರೋಕೆ ಭಯ. ಈ ಕಡೆ ಯಾರಾದ್ರೂ ಇದೀರಾ ಅಂತ ಕೇಳೋಕೆ ಬಡೀತು. ಯಾರೂ ಇರಲಿಲ್ಲ. ಅದಕ್ಕೇ ಆಕಾಶ ಮಾಡ್ತು. ಆಗಲೂ ಭಯ ಹೋಗಲಿಲ್ಲ, ನೆಲ ಮಾಡ್ತು. ಆಗಲೂ ಹೋಗಲಿಲ್ಲ. ಕೊನೆಗೆ ಜನ ಮಾಡ್ತು, ಜೊತೆಗಿರಲಿ ಅಂತ.'

'ಈಗಲೂ ಯಾಕೆ ಬಡಿಯುತ್ತೆ?' ಎಂದರು ಅಳಿಯಂದಿರು. ಆಟಕ್ಕೆ ಕೇಳಿದ ಪ್ರಶ್ನೆಯಲ್ಲ ಅದು.

'ಇನ್ನೂ ಇದೀರಾ ಅಂತ. ನಾವು ವಾಪಸ್ ಬಡಿದ್ರೆ ಆಯ್ತು. ಮಗ್ಗಿ ಹೇಳಿದ್ರೂ ನಡಿಯುತ್ತೆ.'

ಹೆಂಡತಿ ಪೆನ್ನಿನ ಮುಚ್ಚಳ ತೆಗೆದಳು. 'ಬರೀತೀನಿ. ಅದಕ್ಕೆ ಹೆಸರು?'

ಮಗಳು ಅಪ್ಪನ ಕಡೆ ನೋಡಿದಳು. ತಾತ ಮೊಮ್ಮಗಳ ಕಡೆ ನೋಡಿದರು. ಲೋಕದ ಪುಸ್ತಕದ ಮೊದಲ ಪುಟದಲ್ಲಿ, ಹೊಡೆದುಹಾಕಲಾಗದ ನೀಲಿ ಶಾಯಿಯಲ್ಲಿ ಹೆಂಡತಿ ಬರೆದಳು: 'ಈ ಲೋಕವನ್ನು ಸೃಷ್ಟಿಸಿದವನು ಪುಕ್ಕಲ.'

ಮೂರು ಕೈಗಳು ಮೇಲೆದ್ದವು. ಬಚ್ಚಲ ಗೋಡೆ ಠಕ್, ಠಕ್, ಠಕ್ ಎಂದಿತು. ಅಳಿಯಂದಿರು ಬೆಚ್ಚಿದರು, ಒಂದು ಕೈಯಿಂದ ಮೇಜಿಗೆ ಮೂರು ಸಲ ಬಡಿದರು, ಇನ್ನೊಂದನ್ನು ಮೇಲೆತ್ತಿದರು.

ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು.

'ನೋಡಿ ಅಳಿಯಂದಿರೇ, ಇನ್ನುಮೇಲೆ ನಾನು ನಿಮ್ಮನ್ನ ಪುಕ್ಕಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಬೈದ ಹಾಗಲ್ಲ, ಕೈಮುಗಿದ ಹಾಗೆ.'