ಹುಲ್ಲುಗಾಡಿಯ ಕರೆಂಟು

ವ್ಯಾಕರಣದ ಮೇಷ್ಟ್ರ ಮನೆಯಲ್ಲಿ ಆ ವರ್ಷ ‘ಕರೆಂಟು’ ಎಂಬ ನಾಮಪದದ ಜೊತೆಗೆ ‘ಹೋಯಿತು’ ಎಂಬ ಕ್ರಿಯಾಪದ ಬಿಟ್ಟರೆ ಬೇರೊಂದು ಕೇಳಿಬರುತ್ತಿರಲಿಲ್ಲ. ಮೇಷ್ಟ್ರಿಗೆ ಇದರಿಂದ ಅಂಥ ತೊಂದರೆಯೇನೂ ಇರಲಿಲ್ಲ. ಉತ್ತರಪತ್ರಿಕೆ ತಿದ್ದದೆ ಕೂರುವುದಕ್ಕೆ ಗೌರವಯುತವಾದ ಕಾರಣವೊಂದು ಸಿಕ್ಕಂತಾಗುತ್ತಿತ್ತು. ತೊಂದರೆಯೆಲ್ಲ ಅವರ ಹೆಂಡತಿಗೆ. ಆಕೆ ಹಿತ್ತಲ ಕಡೆಯ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕಾಲಲ್ಲಿ ತುಳಿಯುವ ಹಳೇ ಮೆಷಿನ್ನಿಗೆ ಮೋಟರು ಕೂರಿಸಿ, ಕೆಳಗಿನ ಪೆಡಲನ್ನು ಗುಜರಿಗೆ ಹಾಕಿದವರು ಸ್ವತಃ ಮೇಷ್ಟ್ರು. “ಇನ್ನು ನಿನ್ನ ಕಾಲಿಗೆ ವಿಶ್ರಾಂತಿ” ಎಂದು ಅಂದು ಘೋಷಿಸಿದ್ದರು. ಈಗ ಕರೆಂಟು ಹೋದಾಗಲೆಲ್ಲ ಆಕೆಯ ಕಾಲಿಗೂ ವಿಶ್ರಾಂತಿ, ಕೈಗೂ ವಿಶ್ರಾಂತಿ. ಬಾಯಿಗೆ ಮಾತ್ರ ಇರುತ್ತಿರಲಿಲ್ಲ.

“ಎಲ್ಲರ ಮನೇಲೂ ಬ್ಯಾಟರಿ ಇಟ್ಕೊಂಡಿದ್ದಾರೆ ರೀ. ಒಂದು ತಂದುಬಿಡಿ.”

“ತರೋದು ಯಾರಿಗೆ ಬರಲ್ಲ? ಅಂಗಡಿಗೆ ಹೋಗಿ ತರೋಕೆ ನಾನೇ ಬೇಕಾ?”

“ಯಾರಿಗೆ ಬೇಕಾದ್ರೂ ಬರೋ ಕೆಲಸ ಅಂತಾನೇ ನಿಮಗೆ ಹೇಳ್ತಿರೋದು.”

ಆ ವಾರವೇ ಮೇಷ್ಟ್ರ ಶಾಲೆಯಲ್ಲಿ ಆಟದ ಮೈದಾನದ ಹುಲ್ಲುಗಾಡಿ ಕೊನೆಯುಸಿರೆಳೆಯಿತು. ಸೀಟಿನ ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಗಾಡಿ ಅದು. ಮುಂದಿನ ಚಕ್ರ ಮುರಿದು, ಬ್ಲೇಡು ತುಕ್ಕು ಹಿಡಿದು, ಸೈಕಲ್ ಸ್ಟ್ಯಾಂಡಿನ ಪಕ್ಕ ಮೂಲೆಗುಂಪಾಗಿ ಬಿದ್ದಿತ್ತು. ಎಂಜಿನ್ ಮಾತ್ರ ಗಟ್ಟಿಮುಟ್ಟಾಗಿತ್ತು. ಮೇಷ್ಟ್ರು ಅದನ್ನು ಸುತ್ತಿ ಸುತ್ತಿ ನೋಡಿದರು. ಎಂಜಿನ್ನಿದೆ, ಅದು ತಿರುಗುತ್ತದೆ, ತಿರುಗುವುದಕ್ಕೆ ಡೈನಮೋ ಕಟ್ಟಿದರೆ ಕರೆಂಟು ಹುಟ್ಟುತ್ತದೆ. ಇಷ್ಟು ಸರಳವಾದ ಸಂಗತಿ ಇಷ್ಟು ದಿನ ಯಾರಿಗೂ ಹೊಳೆಯದೆ ತಮಗೇ ಕಾದು ಕೂತಿತ್ತಲ್ಲ ಎಂದು ಮೈ ಜುಮ್ಮೆಂದಿತು. ಹೆಡ್‌ಮಾಸ್ಟರನ್ನು ಕೇಳಿದರೆ, “ಪುಣ್ಯಾತ್ಮರೇ, ಇವತ್ತೇ ತಗೊಂಡು ಹೋಗಿ” ಎಂದು ನಾಲ್ಕು ಜನರನ್ನು ನೂಕಲು ಕೊಟ್ಟರು.

ಮೆರವಣಿಗೆ ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ನಮ್ಮನೇಲಿ ಹುಲ್ಲೇ ಇಲ್ವಲ್ರೀ.”

“ಇದು ಹುಲ್ಲಿಗಲ್ಲ. ಬೆಳಕಿಗೆ.”

ಒಳಗಿನಿಂದ ಇಣುಕಿದ ಅತ್ತೆ (ಹೆಂಡತಿಯ ತಾಯಿ; ಕಣ್ಣು ಚುರುಕು, ಕಿವಿ ಮಂದ), “ಅಳಿಯಂದಿರು ಕಾರು ತಗೊಂಡ್ರಾ? ಛಾವಣಿ ಇಲ್ವಲ್ಲೇ” ಎಂದರು.

ಡೈನಮೋ ತಂದುಕೊಟ್ಟವನು ಹೆಂಡತಿಯ ತಮ್ಮ, ವೈರಿಂಗ್ ಕೆಲಸದವನು. ಬೇಡ ಭಾವ, ಬೇಡ ಭಾವ ಎನ್ನುತ್ತಲೇ ಅವನು ಎಲ್ಲಕ್ಕೂ ಕೈಜೋಡಿಸುತ್ತಿದ್ದ. ಭಾವ ಒಬ್ಬರೇ ಮಾಡುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಎಂಜಿನ್ನನ್ನೂ ಡೈನಮೋವನ್ನೂ ಜೋಡಿಸುವುದೆಂದರೆ ಎರಡು ಪದ ಸೇರಿಸಿ ಸಂಧಿ ಮಾಡಿದಂತೆ ಎಂದು ಮೇಷ್ಟ್ರು ತಿಳಿದಿದ್ದರು. ಆದದ್ದೂ ಹಾಗೆಯೇ. ಮೊದಲು ಲೋಪಸಂಧಿ: ಬಿಚ್ಚಿಟ್ಟ ಬೋಲ್ಟುಗಳಲ್ಲಿ ಎರಡು ಮಾಯವಾದವು. ಆಮೇಲೆ ಆಗಮಸಂಧಿ: ಎಲ್ಲ ಜೋಡಿಸಿದ ಮೇಲೆ ಎಲ್ಲಿಗೂ ಸೇರದ ಒಂದು ವಾಷರು ಬಂದು ಕೂತಿತು. ಕೊನೆಗೆ ಆದೇಶ: “ಅಡುಗೆಮನೆ ಸೌಟಲ್ಲಿ ಗ್ರೀಸ್ ತೆಗೆದವರು ಯಾರು? ಅದನ್ನ ಹೊರಗೇ ಇಟ್ಕೊಳ್ಳಿ, ನೀವೂ ಹೊರಗೇ ಇರಿ!”

ಇನ್ನೊಂದು ತೊಡಕೂ ಇತ್ತು. ಹುಲ್ಲುಗಾಡಿಯ ಎಂಜಿನ್ನಿನ ಶಾಫ್ಟು ಕೆಳಮುಖ, ನೆಲದತ್ತ. ಬ್ಲೇಡು ಇರುವುದೇ ಕೆಳಗೆ ತಾನೆ. ಡೈನಮೋದ ಶಾಫ್ಟು ಅಡ್ಡಕ್ಕೆ. ಮೇಷ್ಟ್ರು ಎಂಜಿನ್ನನ್ನು ಪಕ್ಕಕ್ಕೆ ಮಲಗಿಸಿದರು. ಅದು ಹೊಟ್ಟೆಯಲ್ಲಿದ್ದ ಎಣ್ಣೆಯನ್ನೆಲ್ಲ ಅವರ ಚಪ್ಪಲಿಯ ಮೇಲೆ ಕಕ್ಕಿತು. ಆಮೇಲೆ ಎಂಜಿನ್ನನ್ನು ಎತ್ತಿ ನಿಲ್ಲಿಸಿ, ಹೊಸ ಎಣ್ಣೆ ತುಂಬಿಸಿ, ಡೈನಮೋವನ್ನೂ ಅದರ ಪಕ್ಕ ನೆಟ್ಟಗೆ ನಿಲ್ಲಿಸಿ, ನಡುವೆ ಬೆಲ್ಟು ಬಿಗಿದರು. ಹಿತ್ತಲ ಶೆಡ್ಡಿನಲ್ಲಿ ಎರಡೂ ಅಕ್ಕಪಕ್ಕ ನಿಂತದ್ದನ್ನು ನೋಡಿ ಅತ್ತೆ, “ಒಳ್ಳೇ ಜೋಡಿ” ಎಂದರು.

ಮೊದಲ ಪರೀಕ್ಷೆಗೆ ಮೂರು ಬಲ್ಬು ಕಟ್ಟಿದ್ದರು. ಹಗ್ಗ ಎಳೆದದ್ದೇ ತಡ, ಎಂಜಿನ್ನು ಗುಡುಗಿತು, ಬಲ್ಬು ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಆಮೇಲೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊತ್ತಿದವು. “ನೋಡಿದ್ಯಾ?” ಎಂದು ಮೇಷ್ಟ್ರು ಹೆಂಡತಿಯತ್ತ ತಿರುಗುವಷ್ಟರಲ್ಲಿ ಮೂರೂ ಟಪ್ ಟಪ್ ಟಪ್ ಎಂದವು.

“ಭಾವ, ಇದರ ಗವರ್ನರ್ ಹೋಗಿದೆ,” ಎಂದ ಭಾವಮೈದ. “ವೇಗ ಹಿಡಿತದಲ್ಲಿಡೋ ಭಾಗ ಅದು. ಈ ಕಾಲದ ಎಂಜಿನ್ನಿಗೆ ಎಲ್ಲೂ ಸಿಗಲ್ಲ. ವೇಗ ಏರಿದ್ರೆ ವೋಲ್ಟೇಜೂ ಏರುತ್ತೆ. ಯಾರಾದ್ರೂ ಒಬ್ಬರು ಇಲ್ಲೇ ನಿಂತು, ಮೀಟರಿನ ಮುಳ್ಳು ನೋಡ್ಕೊಂಡು, ವೇಗ ಏರಿಸಿ ಇಳಿಸೋ ಲಿವರ್ ಹಿಡ್ಕೊಂಡೇ ಇರ್ಬೇಕು.” ಅಕ್ಕನ ಉಗುರುಬಣ್ಣದಿಂದ ಮೀಟರಿನ ಮೇಲೆ ಒಂದು ಗೆರೆಯನ್ನೂ ಎಳೆದುಕೊಟ್ಟ. ಮುಳ್ಳು ಅದರ ಮೇಲೇ ಇರಬೇಕು.

“ಅಷ್ಟೇನಾ?” ಎಂದರು ಮೇಷ್ಟ್ರು. ಜೀವಮಾನವೆಲ್ಲ ಸರ್ವನಾಮ ಪಾಠ ಮಾಡಿದವರಿಗೆ ‘ಯಾರಾದ್ರೂ’ ಎಂದರೆ ಯಾರು ಎಂಬುದು ಆಗ ಹೊಳೆಯಲಿಲ್ಲ.

ಹೊಳೆದದ್ದು ಶಾಲಾ ನಾಟಕದ ಹಿಂದಿನ ದಿನ. ಕಾಡುಪ್ರಾಣಿಗಳ ನಾಟಕ. ವೇಷವೆಲ್ಲ ಹೆಂಡತಿಯದೇ ಹೊಲಿಗೆ. ಕರಡಿ, ನರಿ, ಮೊಲಗಳೆಲ್ಲ ಮುಗಿದು ಸಿಂಹವೂ ಆನೆಯೂ ಬಾಕಿ. ಸಿಂಹದ ಪಾತ್ರ ಮೇಷ್ಟ್ರ ಮಗಳದು. ಬೆಳಿಗ್ಗೆ ಒಯ್ಯಲು ಬರುತ್ತಾರೆ. ಆನೆಯ ಸೊಂಡಿಲು ಸೂಜಿಯ ಕೆಳಗಿರುವಾಗಲೇ ಕರೆಂಟು ಹೋಯಿತು. ಹೆಂಡತಿ ಕತ್ತಲಲ್ಲಿ ತಡಕಾಡಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಆಮೇಲೆ ಹದಿನೆಂಟು ವರ್ಷದ ಸಂಸಾರದಲ್ಲಿ ಎಂದೂ ಆಡದ ಮಾತನ್ನು ಆಡಿದಳು.

“ರೀ, ನಿಮ್ಮ ಯಂತ್ರ ಶುರು ಮಾಡಿ.”

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಶೆಡ್ಡಿಗೆ ನುಗ್ಗಿದರು. ಟಾರ್ಚನ್ನು ಮೊಳೆಗೆ ನೇತುಹಾಕಿ ಹಗ್ಗ ಎಳೆದರು. ಗುಡುಗಿತು. ಲಿವರ್ ಹಿಡಿದರು. ಮುಳ್ಳು ಗೆರೆ ಮುಟ್ಟಿತು. ಒಳಗೆ ಹೆಂಡತಿ ಕರೆಂಟು ಬದಲಾಯಿಸುವ ಸ್ವಿಚ್ಚು ತಿರುಗಿಸಿದಳು. ಮನೆ ಬೆಳಗಿತು. ಅತ್ತೆಯ ಟೀವಿ ಹಾಡಿತು, ಫ್ಯಾನು ತಿರುಗಿತು, ಹೊಲಿಗೆ ಮೆಷಿನ್ನು ಟರ್ರೆಂದಿತು. ಇಡೀ ಮನೆಯಲ್ಲಿ ಕರೆಂಟಿಲ್ಲದ ಜಾಗವೆಂದರೆ ಕರೆಂಟು ತಯಾರಾಗುತ್ತಿದ್ದ ಶೆಡ್ಡೊಂದೇ.

ಅಷ್ಟರಲ್ಲಿ ಕಿಟಕಿಯಿಂದ ಕೂಗು. “ಇಳಿಸಿ ರೀ! ಸೂಜಿ ಓಡ್ತಿದೆ! ಸೊಂಡಿಲು ಕಿವಿಗೇ ಸೇರ್ಕೊಳ್ತು!”

ಇಳಿಸಿದರು.

“ಏರಿಸಿ! ನಿಂತೇಹೋಯ್ತು!”

ಏರಿಸಿದರು. ಯಾರೋ ಫ್ರಿಜ್ಜು ಹಾಕಿದರೆ ಎಂಜಿನ್ನು ಏದುಸಿರು ಬಿಡುತ್ತಿತ್ತು, ಫ್ಯಾನು ಆರಿಸಿದರೆ ಹುಚ್ಚೆದ್ದು ಕುಣಿಯುತ್ತಿತ್ತು. ಲಿವರ್ ನಡುಗುತ್ತಿತ್ತು, ಲಿವರಿನ ಜೊತೆ ಮೇಷ್ಟ್ರ ಬಲಗೈ ನಡುಗುತ್ತಿತ್ತು, ಬಲಗೈ ಜೊತೆ ಕನ್ನಡಕ ಮೂಗಿನ ಮೇಲೆ ಇಳಿಯುತ್ತ ಬರುತ್ತಿತ್ತು. ಮೂಗು ತುರಿಸಿತು. ತುರಿಸಿಕೊಳ್ಳುವಂತಿರಲಿಲ್ಲ. ತುರಿಸಿಕೊಂಡರೆ ಸಿಂಹದ ಬಾಲ ಎಲ್ಲಿಗೆ ಹೊಲಿಗೆಯಾಗುತ್ತದೋ ಹೇಳುವಂತಿರಲಿಲ್ಲ.

ಹೀಗೆ ಬಹಳ ಹೊತ್ತಾದ ಮೇಲೆ ಮುಳ್ಳು ಇದ್ದಕ್ಕಿದ್ದಂತೆ ಚಂಗನೆ ಹಾರಿತು. ಮೇಷ್ಟ್ರು ಸರಕ್ಕನೆ ಲಿವರ್ ಇಳಿಸಿದರು. ಮುಳ್ಳು ಗೆರೆಯ ಮೇಲೆ ಬಂದು ನಿಂತಿತು. ನಿಂತದ್ದು ಅಲುಗಲೇ ಇಲ್ಲ. ಮೇಷ್ಟ್ರು ಉಸಿರು ಬಿಗಿಹಿಡಿದು ನೋಡಿದರು. ಅಲುಗಲಿಲ್ಲ. ಪಳಗಿತು, ಕೊನೆಗೂ ಪಳಗಿತು ಎಂದುಕೊಂಡರು. ಒಳಗಿನಿಂದ ಹೆಂಡತಿ ಏನೋ ಕೂಗಿದಳು. ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಹೊಗಳಿಕೆಯೇ ಇರಬೇಕೆಂದು ಎಡಗೈ ಎತ್ತಿ ಸ್ವೀಕರಿಸಿದರು. ಮತ್ತೊಮ್ಮೆ ಕೂಗಿದಳು, ಮತ್ತೊಮ್ಮೆ ಸ್ವೀಕರಿಸಿದರು. ಸ್ವಲ್ಪ ಹೊತ್ತು ಬಿಟ್ಟು, “ಹೇಗಿದೆ? ಏರಿಸ್ಲಾ?” ಎಂದು ಗಂಟಲು ಹರಿಯುವಂತೆ ಕೇಳಿದರು.

“ಹಾಗೇ ನಿಂತ್ಕೋ! ಅಲ್ಲಾಡ್ಬೇಡ!” ಎಂಬ ದನಿ ಕಿಟಕಿಯಿಂದ ಸ್ಪಷ್ಟವಾಗಿಯೇ ಬಂತು.

ಹೆಂಡತಿ ಬಹುವಚನ ಬಿಟ್ಟದ್ದು ಮೇಷ್ಟ್ರ ಕಿವಿಗೆ ಬೀಳದಿರಲಿಲ್ಲ. ಯುದ್ಧಕಾಲದಲ್ಲಿ ವ್ಯಾಕರಣ ತುಸು ಸಡಿಲವಾಗುವುದು ಸಹಜವೆಂದು ಉದಾರವಾಗಿ ಕ್ಷಮಿಸಿ, ಹಾಗೇ ನಿಂತರು. ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿಯಿತು. ಸೊಳ್ಳೆಗಳಿಗೆ ವಿಷಯ ತಿಳಿದು ಬಳಗಸಮೇತ ಬಂದವು. ಆದರೂ ಅಲ್ಲಾಡಲಿಲ್ಲ.

ಕೊನೆಗೆ ಶೆಡ್ಡಿಗೆ ಬಂದವರು ಅತ್ತೆ. ಕಿವಿ ಮಂದವಾದ್ದರಿಂದ ಎಂಜಿನ್ನಿನ ಸದ್ದು ಅವರನ್ನು ಬಾಧಿಸಲಿಲ್ಲ.

“ಅಳಿಯಂದಿರೇ, ಊಟಕ್ಕೆ ಬರಲ್ವಾ? ನಮ್ಮದೆಲ್ಲ ಆಯ್ತು.”

“ನಾನು ಬಂದ್ರೆ ದೀಪ ಹೋಗುತ್ತೆ ಅತ್ತೆ!” ಎಂದು ಮೇಷ್ಟ್ರು ಕಿರುಚಿದರು.

“ಯಾಕೆ ಹೋಗುತ್ತೆ? ಕರೆಂಟು ಆಗಲೇ ಬಂತಲ್ಲ. ಬೀದಿದೀಪಾನೂ ಉರೀತಾ ಇದೆ. ನೀವಿನ್ನೂ ಏನು ಮಾಡ್ತಿದ್ದೀರಿ ಇಲ್ಲಿ?”

ಮೇಷ್ಟ್ರು ಕತ್ತು ಹೊರಳಿಸಿ ನೋಡಿದರು. ಬೀದಿದೀಪ ಉರಿಯುತ್ತಿತ್ತು. ಲಿವರ್ ಬಿಟ್ಟರು. ಎಂಜಿನ್ನು ಕೆಮ್ಮಿ ನಿಂತಿತು. ಆ ಮೌನದಲ್ಲಿ ಒಳಗಿನ ಟೀವಿ ಯಾವ ಅಡಚಣೆಯೂ ಇಲ್ಲದೆ ಹಾಡುತ್ತಲೇ ಇತ್ತು.

ಒಳಗೆ ಹೆಂಡತಿ ದಾರದ ತುದಿ ಕಚ್ಚಿ ಹರಿಯುತ್ತಿದ್ದಳು.

“ಕರೆಂಟು ಬಂದದ್ದನ್ನ ಒಂದು ಮಾತು ಹೇಳ್ಬಾರ್ದಾ?”

“ಹೇಳದೆ ಏನು? ಸ್ವಿಚ್ಚು ವಾಪಸ್ ಲೈನಿಗೆ ತಿರುಗಿಸಿ ಎರಡು ಸಲ ಕೂಗಿದೆ. ನೀವು ಎರಡು ಸಲಾನೂ ರಾಜರ ಥರ ಕೈ ಎತ್ತಿದ್ರಿ. ಏನೋ ಖುಷಿಯಾಗಿದ್ದಾರೆ, ಇರಲಿ ಬಿಡು ಅಂದ್ಕೊಂಡೆ.”

“ಮತ್ತೆ ‘ಹಾಗೇ ನಿಂತ್ಕೋ, ಅಲ್ಲಾಡ್ಬೇಡ’ ಅಂದಿದ್ದು?”

ಹೆಂಡತಿ ಕೋಣೆಯ ಮೂಲೆಗೆ ಕೈ ತೋರಿಸಿದಳು. ಅಲ್ಲಿ ಅವರ ಮಗಳು ಸಿಂಹದ ವೇಷ ತೊಟ್ಟು, ಮೈತುಂಬ ಗುಂಡುಸೂಜಿ ಚುಚ್ಚಿಸಿಕೊಂಡು ನಿಂತಿದ್ದಳು.

“ಅಳತೆ ನೋಡ್ತಾ ಇದ್ದೆ. ಅವಳಿಗೆ ಅಂದಿದ್ದು. ನಿಮ್ಮನ್ನ ನಾನು ಯಾವತ್ತಾದ್ರೂ ಏಕವಚನದಲ್ಲಿ ಮಾತಾಡ್ಸಿದ್ದೀನಾ? ಅಷ್ಟು ಗೊತ್ತಾಗಲ್ವಾ, ವ್ಯಾಕರಣ ಹೇಳಿಕೊಡೋರಿಗೆ?”

ಮೇಷ್ಟ್ರು ಕೈ ತೊಳೆದು ಊಟಕ್ಕೆ ಕೂತರು. ಕೂತ ಮೇಲೆ ಗೊತ್ತಾಯಿತು: ಲಿವರ್ ಬಿಟ್ಟರೂ ಬಲಗೈ ಬಿಟ್ಟಿರಲಿಲ್ಲ. ಅದಿನ್ನೂ ಎಂಜಿನ್ನಿನ ವೇಗದಲ್ಲೇ ನಡುಗುತ್ತಿತ್ತು. ತುತ್ತು ಎತ್ತಿದರೆ ಅರ್ಧ ತಟ್ಟೆಗೆ, ಅರ್ಧ ಅಂಗಿಗೆ. ಹೆಂಡತಿ ನಗು ತಡೆಯಲು ಒಳಗೆ ಹೋದಳು. ಸಿಂಹ ಮಾತ್ರ ಕನಿಕರಪಟ್ಟು ಪಕ್ಕಕ್ಕೆ ಬಂದು ಕೂತಿತು. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಒಂದು ತುತ್ತು ಕಲಸಿ, ಮೇಷ್ಟ್ರ ಬಾಯಿಗೆ ಹಿಡಿಯಿತು.

“ಅಪ್ಪಾ, ಅಲ್ಲಾಡ್ಬೇಡ,” ಎಂದಿತು.

ಈ ಸಲ ಆ ಏಕವಚನ ಯಾರಿಗೆ ಸೇರಿದ್ದೆಂಬುದರಲ್ಲಿ ಮೇಷ್ಟ್ರಿಗೆ ಯಾವ ಸಂದೇಹವೂ ಉಳಿಯಲಿಲ್ಲ. ಬಾಯಿ ತೆರೆದರು.