ಹುಕ್ಕೇರಿಯ ಐದು ಬೈ ಮೂರು ಕಿಟಕಿ

ಗೋಕಾಕದಲ್ಲಿ ಕಿಟಕಿ-ಬಾಗಿಲು ಮಾರುತ್ತ ತಲೆ ಬೆಳ್ಳಗಾಯಿತು. ಇಂಗ್ಲಿಷಿನಲ್ಲಿ ನನಗೆ ದಿನಾ ಬೇಕಾಗುವುದು ‘ಬೈ’ ಅನ್ನುವ ಒಂದೇ ಶಬ್ದ. ದಿನಾ ನನ್ನ ತಲೆ ತಿನ್ನುವುದೂ ಅದೇ. ಬರೀ ಒಂದು ವಾರದ್ದು ಹೇಳುತ್ತೇನೆ.

ಒನ್ ಬೈ ಟು

ಹುಕ್ಕೇರಿಯ ಗಿರಾಕಿಯೊಬ್ಬ ತನ್ನ ಮನೆ ಕಟ್ಟುವ ಗೌಂಡಿಯನ್ನು ಕರೆದುಕೊಂಡು ಬಂದ. ಸೋಮವಾರ ಹೊಸ ಮನೆ ಪ್ರವೇಶ, ಅಡಿಗೆಮನೆಗೆ ಇನ್ನೂ ಕಿಟಕಿಯಿಲ್ಲ. ಅಳತೆ ಕೇಳಿದೆ. “ಮೊದಲ ಚಹಾ ಹೇಳ್ರಿ ಸಾವ್ಕಾರ, ಒನ್ ಬೈ ಟು,” ಎಂದ ಗಿರಾಕಿ. ಒಂದು ಚಹಾ ಎರಡು ಕಪ್ಪಾಗಿ ಬಂತು. ಯಾವುದರಲ್ಲಿ ಹೆಚ್ಚಿದೆ ಎಂದು ಇಬ್ಬರೂ ಬಗ್ಗಿ, ಒಂದು ಕಣ್ಣು ಮುಚ್ಚಿ ಅಳೆದರು. ಕಿಟಕಿಯ ಅಳತೆಯನ್ನು ಮಾತ್ರ ಗೌಂಡಿ ಹೊರಟ ಆಟೋದೊಳಗಿಂದ ಕೂಗಿದ: “ಐದು ಬೈ ಮೂರು, ಬರ್ಕೋರಿ!”

ಸೋಮವಾರದ ಬಾಜೂ

ಮೂಡಲಗಿಯ ನಮ್ಮ ಬಡಿಗನಿಗೆ, “ಬೈ ಮಂಡೇ ಬೇಕು, ತಪ್ಪಬಾರದು” ಎಂದೆ. ಅಲ್ಲೇ ಕೂತಿದ್ದ ನನ್ನ ಅಳಿಯ, ಕಾಲೇಜಿನ ಇಂಗ್ಲಿಷ್ ಮಾಸ್ತರ, ಸುಮ್ಮನಿರಬೇಕಲ್ಲ.

“ಮಾವಾರ, ಆ ಶಬ್ದ ಭಾಳ ಹಳೇದ್ರಿ. ಮೂಲದಾಗ ಅದರ ಅರ್ಥ ಬಾಜೂ, ಹತ್ತಿರ. ಇಂಥವರಿಂದ, ಇಷ್ಟರೊಳಗ, ಎಲ್ಲಾ ಅರ್ಥ ಅದರಿಂದನ ಹುಟ್ಯಾವು.”

ಬಡಿಗನ ಮುಖ ಅರಳಿತು. “ಹಂಗಾರ ಮಂಗಳವಾರ ಕೊಡ್ತೇನ್ರಿ. ಸೋಮವಾರದ ಬಾಜೂಕ ಐತಲ್ಲ!”

ಅಳಿಯನನ್ನು ಮನೆಗೆ ಅಟ್ಟಿದ ಮೇಲೆಯೇ ಬಡಿಗ ಕೆಲಸಕ್ಕೆ ಎದ್ದದ್ದು.

ಅಜ್ಜಿಯ ಕಿಟಕಿ

ಸೋಮವಾರ ಬೆಳಿಗ್ಗೆ ಗಿರಾಕಿಯ ಫೋನು. “ಸಾವ್ಕಾರ, ಕಿಟಕಿ ಕಿಂಡ್ಯಾಗ ಕೂಡವಲ್ತ್ರಿ!”

ಹುಕ್ಕೇರಿಗೆ ಓಡಿದೆ. ನಮ್ಮಲ್ಲಿ ಮೊದಲು ಅಗಲ, ಆಮೇಲೆ ಎತ್ತರ ಬರೆಯುವ ರೂಢಿ. ಆ ಗೌಂಡಿ ಮೊದಲು ಎತ್ತರ ಹೇಳುವವನು. ಐದಡಿ ಎತ್ತರದ ಕಿಂಡಿಗೆ ಐದಡಿ ಅಗಲದ ಕಿಟಕಿ ಬಂದಿತ್ತು.

“ನೀವ ಉಲ್ಟಾ ಬರಕೊಂಡೀರಿ.”

“ನೀನ ಉಲ್ಟಾ ಹೇಳೀದಿ!”

ಅಷ್ಟರಲ್ಲಿ ಮಂದಿ ಬರತೊಡಗಿದರು. ಗೌಂಡಿ ಕಿಟಕಿಯನ್ನು ಅಡ್ಡದಿಂದ ಉದ್ದಕ್ಕೆ ನಿಲ್ಲಿಸಿ ಸಿಮೆಂಟು ಮೆತ್ತಿಯೇಬಿಟ್ಟ. ಎಡಬಲಕ್ಕೆ ಇರಬೇಕಾದ ಕದಗಳು ಮೇಲೊಂದು, ಕೆಳಗೊಂದು ಆದವು. ಕೆಳಗಿನದು ತೆರೆದರೆ ಹೊರಗೆ ಹಲಗೆಯಂತೆ ಬಿತ್ತು. ಇಷ್ಟು ವರ್ಷ ಗಳಿಸಿದ ಹೆಸರು ಊರ ಮಂದಿಯ ಮುಂದೆ ಹೋಯಿತಲ್ಲ ಎಂದುಕೊಂಡೆ.

ಆ ಮನೆಯ ಅಜ್ಜಿ ಬಂದು ನೋಡಿದರು. ಬಿದ್ದ ಕದಕ್ಕೆ ಎರಡೂ ಕಡೆ ಸರಪಳಿ ಕಟ್ಟಿಸಿದರು, ಅದರ ಮೇಲೆ ಕಪ್ಪು ಜೋಡಿಸಿದರು, ಹೊರಗೆ ಹಂದರದಲ್ಲಿ ಕೂತ ಮಂದಿಗೆ ಅಲ್ಲಿಂದಲೇ ಚಹಾ ಹಂಚತೊಡಗಿದರು. “ಎಂಥಾ ಶಾಣ್ಯಾ ಕಿಟಕಿ ಮಾಡೀರಪ್ಪಾ!”

ಊಟ ಮುಗಿಯುವುದರೊಳಗೆ ಮೂವರು ಹೆಂಗಸರು ತಮಗೂ ಅಂಥದ್ದೇ ಬೇಕೆಂದರು. ಬಡಿಗನಿಗೆ ಫೋನಿನಲ್ಲಿ ಎಲ್ಲ ಹೇಳಿ, ಅಂಥವೇ ಇನ್ನೂ ಮೂರು ಬೇಕೆಂದೆ. ಆತ ಕೇಳಿದ:

“ಸಾವ್ಕಾರ, ಬರೋಬ್ಬರಿ ಮಾಡಾಕ ಐದು ಬೈ ಮೂರು. ತಪ್ಪು ಮಾಡಾಕ ಎಷ್ಟು ಬೈ ಎಷ್ಟ್ರಿ?”