ತಿರುಮಲೇಶನ ಹನ್ನೆರಡು ಹಸಿರು ತಲೆಗಳು

"ಹೊಸ ಬಾತು ಕೊಳ್ಳೋದಾ? ನಾನಿರೋವಾಗ?" ಎಂದು ರಾಚೆಸ್ಟರ್ ಹಿಲ್ಸ್‌ನ ತಿರುಮಲೇಶ ಗ್ಯಾರೇಜಿನ ನಡುವೆ ನಿಂತು ಘೋಷಿಸಿದ. ಹದಿನೆಂಟು ವರ್ಷ ಕಾರುಗಳ ಬಣ್ಣ ಪರೀಕ್ಷಿಸಿದ ಇಂಜಿನಿಯರ್! ಬಂಪರಿನ ಮೇಲೆ ಸೊಳ್ಳೆ ಕೂತು ಎದ್ದರೂ ಕಂಡುಹಿಡಿಯುವ ಕಣ್ಣು!

ಅವನ ಮುಂದಿದ್ದದ್ದು ಯಾರದೋ ಹಳೇ ಸಾಮಾನಿನ ಗ್ಯಾರೇಜ್ ಸೇಲಿನಲ್ಲಿ ಬಿಡಿಗಾಸಿಗೆ ತಂದ ಹನ್ನೆರಡು ಡಿಕಾಯ್‌ಗಳು. ನಿಜದ ಬಾತುಗಳನ್ನು ನೀರಿಗಿಳಿಸಲು ಬೇಟೆಗಾರರು ತೇಲಿಬಿಡುವ ಪ್ಲಾಸ್ಟಿಕ್ ಬಾತುಗಳು. ಬಣ್ಣ ಪೂರಾ ಹೋಗಿತ್ತು. ಮೊಟ್ಟೆಯನ್ನೂ ಮುಟ್ಟದ ತಿರುಮಲೇಶನಿಗೆ ಬೇಟೆ ಬೇಕಿರಲಿಲ್ಲ, ಫೋಟೋ ಬೇಕಿತ್ತು. ಸಬ್‌ಡಿವಿಷನ್ನಿನ, ಅಂದರೆ ತಮ್ಮ ಬಡಾವಣೆಯ, ಕ್ಯಾಲೆಂಡರಿಗೆ ಚಿತ್ರ ಕಳಿಸಲು ಭಾನುವಾರ ಕೊನೆಯ ದಿನ. ನವೆಂಬರ್ ಪುಟ ತನ್ನದೇ ಎಂದು ಆಗಲೇ ಡಂಗುರ ಸಾರಿಯಾಗಿತ್ತು! ಅದಕ್ಕಿಂತ ಹೆಚ್ಚಾಗಿ ಒಂದು ಕುತೂಹಲ ಕೊರೆಯುತ್ತಿತ್ತು. ತನ್ನ ಕೈಯ ಬಣ್ಣವನ್ನು ನಿಜದ ಬಾತು ನಂಬೀತೇ?

ನಾಲ್ಕು ಸಂಜೆ ಗ್ಯಾರೇಜು ಕಾರ್ಖಾನೆಯಾಯಿತು. ಪ್ರೈಮರ್, ಬಣ್ಣ, ಮೇಲೆ ಮೂರು ಕೋಟ್ ಮಿರುಗು! ಹನ್ನೆರಡಕ್ಕೂ ಪಚ್ಚೆ ಹಸಿರು ತಲೆ, ಬಿಳಿ ಕೊರಳಪಟ್ಟಿ. ಹೆಂಡತಿ ಅಂಬುಜಾ ಇಣುಕಿದಳು.

"ಕಂದು ಡಬ್ಬಿ ಓಪನ್ನೇ ಮಾಡಿಲ್ವಲ್ಲ?"

"ಡಲ್ಲು ಕಣೇ! ಅದನ್ನ ಯಾರು ನೋಡ್ತಾರೆ?"

ಶನಿವಾರ ಬೆಳಿಗ್ಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಮನೆ ಹಿಂದಿನ ಕೊಳದಲ್ಲಿ ಹನ್ನೆರಡೂ ಷೋರೂಮಿನ ಕಾರುಗಳ ಹಾಗೆ ಹೊಳೆಯುತ್ತ ತೇಲಿದವು. ತಿರುಮಲೇಶ ಕ್ಯಾಮೆರಾ ಹಿಡಿದು ಪೊದೆಯ ಹಿಂದೆ ಕೂತ. ಬಾತುಗಳು ಬಂದವು! ಒಂದು ಸುತ್ತು ಹಾಕಿದವು, ಕತ್ತು ಬಾಗಿಸಿ ನೋಡಿದವು, ಪಕ್ಕದ ಸಬ್‌ಡಿವಿಷನ್ನಿನ ಕೊಳಕ್ಕೆ ಹೋಗಿಬಿಟ್ಟವು. ಮೂರು ಗಂಟೆಯಲ್ಲಿ ಐದು ಸಲ ಇದೇ ಮರ್ಯಾದೆ!

"ಏನು ಕಮ್ಮಿಯಾಗಿದೆಯಂತೆ ಇವಕ್ಕೆ?" ಎಂದು ಮನೆಗೆ ಬಂದು ಗೋಳಾಡಿದ. ನಿಜಕ್ಕೂ ಅಳು ಬರುವಂತಾಗಿತ್ತು.

ಅಂಬುಜಾ ಕಿಟಕಿಯಿಂದ ಕೊಳ ನೋಡಿದಳು. "ಅಯ್ಯೋ, ಹನ್ನೆರಡೂ ಗಂಡಸ್ರೇ! ಹಸಿರು ತಲೆ ಗಂಡು, ಕಂದು ಹೆಣ್ಣು, ಅದೂ ಗೊತ್ತಿಲ್ವಾ? ದಸರಾದಲ್ಲಿ ಪಟ್ಟದ ಗೊಂಬೆ ಕೂರಿಸ್ತೀನಲ್ಲ, ಬರೀ ರಾಜನ್ನೇ ಕೂರಿಸ್ತೀನಾ? ಪಕ್ಕದಲ್ಲಿ ರಾಣಿ ಬೇಡ್ವಾ?"

ಒಂದು ಬಾತನ್ನು ತರಿಸಿ ಒರೆಸಿ, ಮೈತುಂಬ ಕಂದು ಬಳಿದಳು. ಹಸಿ ಬಣ್ಣದ ಮೇಲೆ ಫಿಲ್ಟರಿನ ಒಣಗಿದ ಕಾಫಿ ಚರಟ ಉದುರಿಸಿದಳು.

"ನನ್ನ ಮಿರುಗು!" ತಿರುಮಲೇಶ ಚೀರಿದ.

"ನಿಜವಾದ ಬಾತು ಎಲ್ಲಾದ್ರೂ ಪಾಲಿಶ್ ಮಾಡಿಸ್ಕೊಳ್ಳತ್ತೇನ್ರೀ?"

ಭಾನುವಾರ ಅವನು ಮತ್ತೆ ಪೊದೆ ಸೇರಿದ. ಬಣ್ಣವನ್ನು ನಂಬದ ಬಾತು ಕಾಫಿಯನ್ನು ನಂಬೀತೇ? ಅಷ್ಟರಲ್ಲಿ ಗಂಡು ಬಾತೊಂದು ಸುಯ್ಯನೆ ಇಳಿಯಿತು! ಹನ್ನೊಂದು ರಾಜರನ್ನು ಕಣ್ಣೆತ್ತಿಯೂ ನೋಡದೆ ಸೀದಾ ಕಾಫಿ ರಾಣಿಯ ಪಕ್ಕಕ್ಕೆ ಹೋಯಿತು. ಕ್ಲಿಕ್!

ನವೆಂಬರ್ ಪುಟ ಸಿಕ್ಕಿತು. ಕ್ಯಾಲೆಂಡರ್ ಬಂದ ದಿನ ಎದುರುಮನೆಯ ಸರಳಾ ಆಂಟಿ ಅದನ್ನು ತಿರುಗಿಸಿ ನೋಡಿದರು.

"ಜೋಡಿ ಎಷ್ಟು ಚೆನ್ನಾಗಿದೆ! ಆದ್ರೆ ಹಿಂದೆ ಈ ಹನ್ನೊಂದು ಗಂಡಸ್ರು ಸುಮ್ನೆ ಕೂತು ಏನ್ಮಾಡ್ತಿದಾರೆ?"

ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ಗಂಡನ ಕಡೆ ನೋಡಿ ಅಂಬುಜಾ ಅಂದಳು: "ಕಾಫಿಗೆ ಕಾಯ್ತಿದಾರೆ."

ತಿರುಮಲೇಶ ಎದ್ದು ಫಿಲ್ಟರ್ ತೊಳೆಯಲು ಹೋದ.